ಒಂದೇ ಪೀಪಾಯಿಯ ಆರು ಮಾಲೀಕರ ಪರವಾಗಿ

ವೆಲಕಾಟ್ ಪೀಪಾಯಿ ಸಂಪತ್ತು ಕಂಪನಿಯ ಹಿರಿಯ ಸಲಹೆಗಾರರೂ, ಫೋನಿನಲ್ಲಿ ಬೆಣ್ಣೆಯಂಥ ಮಾತಿನವರೂ, ಲಂಡನ್ನಿನ ತಮ್ಮ ವಿಳಾಸದಲ್ಲಿ ಎಂದೂ ಸಿಗದವರೂ ಆದ ಮಾನ್ಯ ರೂಪರ್ಟ್ ವೆಲಕಾಟ್ ಅವರೇ,

ವಿಸ್ಕಿಯ ಊರಾದ ಡಫ್‌ಟೌನಿನಿಂದ ಎಫಿ ಗೆಡ್ಡಿಸ್ ಮಾಡುವ ಸವಿನಯ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಮ್ಮ ಹನ್ನೊಂದು ಸಾವಿರ ಪೌಂಡು ಜೊತೆಗಿರುವಾಗ ಕ್ಷೇಮಕ್ಕೇನು ಕೊರತೆ?

ಮೊದಲಿಗೆ ತಮ್ಮ ಜಾಣತನವನ್ನು ಹೊಗಳದಿದ್ದರೆ ನನಗೆ ಸಮಾಧಾನವಿಲ್ಲ. ನನ್ನ ಯಜಮಾನರಾದ ವಾಟಿ ನಲವತ್ತೊಂದು ವರ್ಷ ವಿಸ್ಕಿ ಪೀಪಾಯಿ ಕಟ್ಟಿದವರು. ಅಂಗಡಿಯಲ್ಲಿ ಬಕೆಟ್ಟನ್ನೂ ತಟ್ಟಿ ನೋಡದೆ ಕೊಳ್ಳುವವರಲ್ಲ. ಅಂಥವರಿಗೆ ತಾವು, ಅವರೇ ಹಿಂದೊಮ್ಮೆ ಒತ್ತಿದ್ದ ಮುದ್ರೆ ಮುಚ್ಚಳದ ಮೇಲೆ ಎದ್ದು ಕಾಣುವ ಪೀಪಾಯಿಯ ಫೋಟೊ ಕಳಿಸಿದಿರಿ. ಅವರು ಭೂತಗನ್ನಡಿ ಹಿಡಿದು ಎರಡು ದಿನ ಒಂದೊಂದು ಹಲಗೆಯನ್ನೂ, ಕಬ್ಬಿಣದ ಪಟ್ಟಿಯನ್ನೂ ಪರೀಕ್ಷಿಸಿ, ಇದು ಹನಿಯೂ ಸೋರದ ಮಾಲು ಎಂದು ತೀರ್ಪು ಕೊಟ್ಟು, ಗೋದಾಮಿನಲ್ಲಿ ಹಳತಾದಷ್ಟೂ ಒಳಗಿನ ವಿಸ್ಕಿಯ ಬೆಲೆ ಏರುತ್ತದೆಂಬ ತಮ್ಮ ಮಾತು ನಂಬಿ ಹಣ ಕಟ್ಟಿದರು. ಆಮೇಲೆ ಬಂದ ಮಾಲೀಕತ್ವದ ಕಾಗದವನ್ನು ಓದದೆ ಗಡಿಯಾರದ ಹಿಂದೆ ಸಿಕ್ಕಿಸಿಟ್ಟರು.

ಆ ಕಾಗದವಾದರೂ ಎಂಥದ್ದು! ಚಿನ್ನದ ಅಂಚು, ಕೆಂಪು ಅರಗು, ಕೊಂಬಿನ ಜಿಂಕೆ. ನಮ್ಮ ಮದುವೆಯ ಪತ್ರಕ್ಕೂ ಅಷ್ಟು ಕಳೆಯಿರಲಿಲ್ಲ. ಮೂರು ವರ್ಷದ ನಂತರ ವಾಟಿ ಭಾನುವಾರದ ಟೈ ಕಟ್ಟಿಕೊಂಡು, ಆ ಕಾಗದ ಹಿಡಿದು, ಪೀಪಾಯಿಯನ್ನು ಮಾತಾಡಿಸಿ ಬರಲು ಗೋದಾಮಿಗೆ ಹೋದರು. ಅಲ್ಲಿನ ಮೇಲ್ವಿಚಾರಕ ಸ್ಯಾಂಡಿ ಡಲ್ಗಾರ್ನೊ ಕಾಗದ ನೋಡಿ, "ಪೀಪಾಯಿ ಇಲ್ಲೇ ಇದೆ ಕಣೋ ವಾಟಿ, ನಿನ್ನ ಹೆಸರಲ್ಲಿಲ್ಲ ಅಷ್ಟೆ. ಇದೇ ನಂಬರ್ ಹಿಡ್ಕೊಂಡು ಬಂದೋರಲ್ಲಿ ನೀನು ಆರನೆಯವ್ನು," ಎಂದ. ಮಾರುವವನು ಗೋದಾಮಿಗೆ ಹಸ್ತಾಂತರ ಪತ್ರ ಬರೆದು, ಗೋದಾಮಿನವರು ಅದನ್ನು ಒಪ್ಪಿ ತಮ್ಮ ಪುಸ್ತಕದಲ್ಲಿ ನಮ್ಮ ಹೆಸರು ಬರೆದುಕೊಂಡರೆ ಮಾತ್ರ ಪೀಪಾಯಿ ನಮ್ಮದಂತೆ. ಹಣ ಕೊಡುವ ಮೊದಲು ಅಲ್ಲಿಗೆ ಒಂದು ಫೋನ್ ಮಾಡಿ ಕೇಳಿದ್ದರೆ ಸಾಕಿತ್ತಂತೆ. ಗೋದಾಮು ನಮ್ಮ ಮನೆಯಿಂದ ಕೂಗಳತೆಯಲ್ಲಿದೆ.

ಆದಕಾರಣ ತಮ್ಮಲ್ಲಿ ಕೆಲವು ಬಿನ್ನಹಗಳು. ಪೀಪಾಯಿಯ ಯಾವ ಹಲಗೆ ಯಾವ ಮಾಲೀಕರದ್ದೆಂದು ತಿಳಿಸಿ. ಮುದ್ರೆಯಿರುವ ತುಂಡು ನಮಗೇ ಇರಲಿ. ವರ್ಷಕ್ಕೆ ನೂರಕ್ಕೆ ಹನ್ನೆರಡು ಖಚಿತ ಲಾಭವೆಂದಿದ್ದಿರಿ. ಆದರೆ ವರ್ಷ ವರ್ಷವೂ ನೂರಕ್ಕೆ ಎರಡು ಪಾಲು ವಿಸ್ಕಿ ಆವಿಯಾಗಿ ಹೋಗುತ್ತದೆ, ಅದನ್ನು ನಾವಿಲ್ಲಿ ದೇವದೂತರ ಪಾಲು ಎನ್ನುತ್ತೇವೆ. ತಮ್ಮಂಥ ಮಾತುಗಾರರು ದೇವದೂತರಿಗೇ ಒಂದು ಫೋನ್ ಮಾಡಿ ಅದನ್ನು ವಾಪಸು ಕೊಡಿಸಿದರೆ ಉಪಕಾರವಾಗುತ್ತದೆ.

ಹಣ ಹೋದದ್ದಕ್ಕೆ ನನಗೆ ಸಿಟ್ಟಿದೆ, ಆದರೆ ಈ ಪತ್ರ ಅದಕ್ಕಲ್ಲ. ಅಂದಿನಿಂದ ವಾಟಿ ಗುರುವಾರದ ಡಾಮಿನೊ ಆಟಕ್ಕೆ ಹೋಗಲಿಲ್ಲ. ಪೀಪಾಯಿ ಕಟ್ಟುವವನೇ ಪೀಪಾಯಿಯಲ್ಲಿ ಮೋಸ ಹೋದನೆಂದು ಊರು ನಗುತ್ತದೆ, ಯಾರಿಗೂ ಹೇಳಬೇಡವೆಂದು ನನ್ನಿಂದ ಮಾತು ತೆಗೆದುಕೊಂಡರು. ನಾನೂ ತುಟಿ ಹೊಲಿದುಕೊಂಡು ಕೂತೆ. ಅದು ನನ್ನ ತಪ್ಪು.

ಕಳೆದ ಮಂಗಳವಾರ ಎದುರು ಮನೆಯ ನೆಟ್ಟಾ ರೀಯಖ್, ಶಾಲೆಯಲ್ಲಿ ಅಡುಗೆ ಮಾಡಿ ನಿವೃತ್ತಳಾದವಳು, ಸಂಭ್ರಮದಿಂದ ಬಂದು ತಾನೂ ನಾಳೆ ಒಂದು ಪೀಪಾಯಿ ಕೊಳ್ಳುತ್ತಿದ್ದೇನೆಂದಳು. ಭಯವೇನಿಲ್ಲವಂತೆ, ನಿಮ್ಮೂರಿನ ಗೆಡ್ಡಿಸ್ ಅವರೇ ನಮ್ಮಲ್ಲಿ ಕೊಂಡಿದ್ದಾರೆ, ಅವರಿಗಿಂತ ಬಲ್ಲವರುಂಟೇ ಎಂದು ತಾವೇ ಹೇಳಿದಿರಂತೆ. ಅವಳು ಹೋದ ಮೇಲೆ ವಾಟಿ ಮನೆಯೊಳಗಿನ ಚಪ್ಪಲಿಯಲ್ಲೇ ರಸ್ತೆ ದಾಟಿ ಅವಳ ಬಾಗಿಲಲ್ಲಿ ನಿಂತು, "ನೆಟ್ಟಾ, ನಾನು ಮೋಸ ಹೋದೆ. ನೀನು ಸೈನ್ ಹಾಕ್ಬೇಡ," ಎಂದರು. ಅವಳು ನಗಲಿಲ್ಲ. ಒಳಗೆ ಕರೆದು ಟೀ ಕೊಟ್ಟಳು.

ಮನೆಗೆ ಬಂದು ನನಗೆ ಹೇಳಿದರು: "ಊರ ಪತ್ರಿಕೆಗೆ ಬರಿ, ಎಫಿ. ನನ್ನ ಹೆಸರು ದೊಡ್ಡದಾಗಿ ಹಾಕು. ಅವ್ನು ನನ್ನ ಹೆಸರಲ್ಲಿ ಮಾರ್ದ, ನಾನು ನನ್ನ ಹೆಸರಲ್ಲೇ ನಿಲ್ಲಿಸ್ತೀನಿ." ಹಾಗಾಗಿ ತಮಗೆ ಬರೆದ ಈ ಪತ್ರವೇ ಊರ ಪತ್ರಿಕೆಯಲ್ಲೂ ಅಚ್ಚಾಗುತ್ತಿದೆ.

ವಿಶ್ವಾಸವಿಟ್ಟು ಕೆಟ್ಟ, ಆದರೂ
ತಮ್ಮ ವಿಶ್ವಾಸಿ,
ಎಫಿ ಗೆಡ್ಡಿಸ್
(ವಾಟಿ ಎಂಬ ವಾಲ್ಟರ್ ಗೆಡ್ಡಿಸ್ ಅವರ ಹೆಂಡತಿ)

ವಿ.ಸೂ.: ಎರಡನೆಯ ಪೀಪಾಯಿ ಬೇಕೇ ಎಂದು ತಾವು ವಿಚಾರಿಸಿದ್ದಿರಿ. ನಮಗೆ ಬೇಡ, ಆದರೆ ವಾಟಿ ತಮಗಾಗಿಯೇ ಒಂದನ್ನು ಕಟ್ಟಲು ಉತ್ಸುಕರಾಗಿದ್ದಾರೆ. ದಯವಿಟ್ಟು ತಮ್ಮ ಎತ್ತರ ಮತ್ತು ಸೊಂಟದ ಸುತ್ತಳತೆಯನ್ನು ಮರುಟಪಾಲಿನಲ್ಲಿ ಕಳಿಸಿಕೊಡಿ.