ಸಿಕ್ಕಾ ಹೊಡೆಯುವ ಅಕ್ಕೋರು

ಸಿಕ್ಕಾ ಹೊಡೆಯುವವಳ ಮನೆಯಲ್ಲಿ ದಿನಕ್ಕೊಂದು ತಪ್ಪು ಅಚ್ಚಾಗುತ್ತಲೇ ಇರುತ್ತದೆ. ಕೆಲವನ್ನು ಹರಿದು ಬಿಸಾಡಬಹುದು. ಕೆಲವು ನಾವು ನೋಡುವಷ್ಟರಲ್ಲಿ ಊರ ತುಂಬ ಹಂಚಿಹೋಗಿರುತ್ತವೆ.

ನಮ್ಮ ಕಡೆ ರಬ್ಬರ್ ಸ್ಟಾಂಪಿಗೆ ಸಿಕ್ಕಾ ಎನ್ನುತ್ತಾರೆ. ಕಚೇರಿಯಲ್ಲಿ ಸಾಹೇಬರು ಹೊಡೆದರೆ ಅದಕ್ಕೊಂದು ತೂಕ. ನಾನು ಹೊಡೆಯುವುದು ಹೂವು, ಎಲೆ, ಹಕ್ಕಿ. ದಪ್ಪ ಕಾಗದ ಮಡಚಿ, ಅದರ ಮೇಲೆ ಒಂದೊಂದೇ ಒತ್ತಿ ಶುಭಾಶಯದ ಕಾರ್ಡು ಮಾಡುತ್ತೇನೆ. ಮೊದಲು ಹವ್ಯಾಸಕ್ಕೆ ಮಾಡಿದೆ, ಆಮೇಲೆ ಕಲಿಸಲಿಕ್ಕೆ. ತೊಂಬತ್ತರ ದಶಕದ ನಡುವಿನಲ್ಲಿ, ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಕ್ಲಾಸು ಶುರು ಮಾಡುತ್ತೇನೆ ಎಂದಾಗ ಅತ್ತೆ ಒಂದು ಕರಾರು ಹಾಕಿದರು. ಆ ಖೋಲಿ ಅಲ್ಲಿಯವರೆಗೆ ಅವರ ಉಪ್ಪಿನಕಾಯಿ ಭರಣಿಗಳದ್ದಾಗಿತ್ತು.

“ಖೋಲಿ ಕೊಡ್ತೀನಿ. ಆದ್ರ ಮಂದಿ ನಗೋ ಹಂಗ ಏನರ ಆಯ್ತಂದ್ರ ಅವತ್ತೇ ನನ್ನ ಭರಣಿ ವಾಪಸ್ ಬರ್ತಾವ, ನೋಡು.”

ಒಪ್ಪಿದೆ. ಕಾಲೇಜು ಓದಿದವಳಿಗೆ ಮಂದಿ ನಗದ ಹಾಗೆ ಬದುಕುವುದೇನು ಕಷ್ಟ ಎಂದುಕೊಂಡಿದ್ದೆ.

೧. ಪಲ್ಯ

ಶುರುವಿನಲ್ಲಿ ನನ್ನ ಹತ್ತಿರ ಇದ್ದ ಸಿಕ್ಕಾ ಎಂದರೆ ಬೆಂಡಿಕಾಯಿ. ಅಡ್ಡ ಕತ್ತರಿಸಿ, ಮಸಿಗೆ ತಾಗಿಸಿ, ಕಾಗದದ ಮೇಲೆ ಒತ್ತಿದರೆ ಐದೆಸಳಿನ ಹೂವು. ಮಸಿ ಮಾವನವರ ಹಳೆಯ ಪ್ಯಾಡಿನದು, ಒಳ್ಳೆ ನೇರಳೆ ಬಣ್ಣ. ಮಾವ ಹೆಡ್ ಕ್ಲರ್ಕ್ ಆಗಿ ನಿವೃತ್ತರಾದವರು. ಮೂವತ್ತು ವರ್ಷ ಸಿಕ್ಕಾ ಹೊಡೆದ ಕೈ ಅದು.

ಸಂಕ್ರಮಣಕ್ಕೆ ಎಲ್ಲರಿಗೂ ಕಾರ್ಡು ಕಳಿಸುವ ಹುಮ್ಮಸ್ಸಿನಲ್ಲಿ ಅರ್ಧ ಕಿಲೋ ಬೆಂಡಿಕಾಯಿ ಹಿಡಿದು ಕೂತೆ. ಒತ್ತಿದ ಹೋಳುಗಳನ್ನು ತಾಟಿನಲ್ಲಿ ಹಾಕಿ, ಕಾರ್ಡು ಒಣಗಿಸಲು ಮಾಳಿಗೆಗೆ ಹೋದೆ. ಅಷ್ಟರಲ್ಲಿ ಅತ್ತೆ, ಸೊಸೆಗೆ ಅಪರೂಪಕ್ಕೆ ಬುದ್ಧಿ ಬಂದು ಕಾಯಿಪಲ್ಯೆ ಹೆಚ್ಚಿಟ್ಟಿದ್ದಾಳೆ ಎಂದು, ಚಾಳೀಸು ಹಾಕಿಕೊಳ್ಳದೆ ಅದನ್ನೇ ಒಗ್ಗರಣೆಗೆ ಹಾಕಿಬಿಟ್ಟರು.

ಊಟಕ್ಕೆ ಕೂತ ಮಾವ ಒಂದು ಹೋಳು ಎತ್ತಿ ಬೆಳಕಿಗೆ ಹಿಡಿದರು. ಇನ್ನೊಂದು ಎತ್ತಿದರು. ಆಮೇಲೆ ತಾಟನ್ನು ಮೆಲ್ಲಗೆ ಅತ್ತೆಯ ಕಡೆ ಸರಿಸಿದರು.

“ಇದು ದೃಢೀಕರಣ ಆದ ಪಲ್ಯ ಅದ. ತಿನ್ಲಾಕ ಬರಂಗಿಲ್ಲ. ಫೈಲಿನ್ಯಾಗ ಹಾಕು.”

ನಾನು ಬಾಯಿಗೆ ಸೆರಗು ಹಿಡಿದೆ. ಅತ್ತೆ ನನ್ನನ್ನು ದುರುಗುಟ್ಟಿ ನೋಡಿ ಹೇಳಿದರು: “ಮನ್ಯಾನವ್ರು ನಕ್ಕಿದ್ದು ಕರಾರಿನ್ಯಾಗ ಬರಂಗಿಲ್ಲ ಅಂತ ಬಿಟ್ಟೀನಿ.”

೨. ಗಿಳಿ ಯಾವ ಇಲಾಖೆಯದು?

ಬೆಂಡಿಕಾಯಿ ಎರಡು ದಿನಕ್ಕೆ ಬಾಡುತ್ತದೆ. ರಬ್ಬರಿನ ಸಿಕ್ಕಾ ಬೇಕೆಂದು ಕೋಟೆಯ ಹತ್ತಿರ ಸಿಕ್ಕಾ ಮಾಡುವ ಒಬ್ಬ ಚಾಚಾನ ಅಂಗಡಿಗೆ ಹೋದೆ. ಚಾಚಾ ವಹಿ ತೆಗೆದು, ಪೆನ್ನು ಝಾಡಿಸಿ ಕೇಳಿದರು.

“ಬೋಲೋ ಅಮ್ಮಾ, ಹೆಸರು?”

“ಹೆಸರು ಬ್ಯಾಡ್ರಿ ಚಾಚಾ. ಗುಂಡಗ ಒಂದು ಗಿಳಿ ಬೇಕು.”

“ಹುದ್ದೆ?”

“ಗಿಳಿಗೆ ಹುದ್ದೆ ಎಲ್ಲಿಂದ ತರ್ಲಿರೀ?”

ಚಾಚಾ ಪೆನ್ನು ಕೆಳಗಿಟ್ಟರು. “ಗೋಲ್ ಸಿಕ್ಕಾ ಅಂದ್ರ ಸರ್ಕಾರಿ, ಅಮ್ಮಾ. ಇಲಾಖೆದು ಚಿಟ್ಠಿ ಇಲ್ದೆ ನಾ ಮಾಡಂಗಿಲ್ಲ. ಗಿಳಿ ಅಂದ್ರ ಜಂಗಲ್ ಖಾತೆ ಆಯ್ತು. ಅವ್ರ ಚಿಟ್ಠಿ ತರ್ರಿ.”

ಅರ್ಧ ಗಂಟೆ ಮಾತಾದ ಮೇಲೆ, ಚೌಕದೊಳಗೆ ಕೂಡಿಸಿದರೆ ಗಿಳಿ ಖಾಸಗಿ ಎಂದು ಇಬ್ಬರೂ ಒಪ್ಪಿದೆವು. ಆದರೆ ಚೌಕದಲ್ಲಿ ಬಾಲ ಹಿಡಿಸುವುದಿಲ್ಲ ಎಂದು ಇನ್ನೊಂದು ತಕರಾರು ಎದ್ದಿತು. ಅದರ ನಡುವೆಯೇ ಚಾಚಾ ಒಂದು ರಬ್ಬರ್ ತುಂಡು, ಒಂದು ಬ್ಲೇಡು ಕೊಟ್ಟು, ನಾನೇ ಕೊರೆಯುವುದು ಹೇಗೆಂದು ತೋರಿಸಿದರು.

“ಎರಡು ಮಾತು ನೆನಪಿಡ್ರಿ. ಒಂದು, ಅಕ್ಷರ ತಿರುವಿ ಕೊರೀಬೇಕು. ಎರಡು, ಸಾಲೂ ತಿರುವಬೇಕು. ಕನ್ನಡಾನೇ ಖರೆ, ಆದ್ರ ಉರ್ದು ಹಂಗ ಬಲಗಡಿಂದ ಶುರು.”

ಮೊದಲನೆಯದನ್ನು ಬರೆದುಕೊಂಡೆ. ಎರಡನೆಯದನ್ನು ಬರೆಯುವಷ್ಟರಲ್ಲಿ ಬಾಲದ ಮಾತು ಮತ್ತೆ ಶುರುವಾಯಿತು. ಕೊನೆಗೆ ಮನೆಗೆ ತಂದದ್ದು ಬಾಲವಿಲ್ಲದ ಗಿಳಿ. ನನ್ನ ಮಕ್ಕಳು ಅದನ್ನು ಇವತ್ತಿಗೂ ಕೋಳಿಮರಿ ಎನ್ನುತ್ತಾರೆ.

೩. ಹೂವರ ಹೊಡೀರಿ

ಖೋಲಿಯ ಬಾಗಿಲಿಗೆ ‘ಇಲ್ಲಿ ಸ್ಟಾಂಪ್ ಹೊಡೆಯುವುದನ್ನು ಕಲಿಸಲಾಗುವುದು’ ಎಂದು ಬೋರ್ಡು ಹಾಕಿದೆ. ಮೊದಲ ವಾರ ಇಬ್ಬರು ಹುಡುಗಿಯರು ಬಂದರು. ಮೂರನೆಯವರಾಗಿ ರುಮಾಲು ಸುತ್ತಿದ ಯಜಮಾನರೊಬ್ಬರು ಬಂದರು, ಕೈಯಲ್ಲಿ ಅರ್ಜಿ, ಕಂಕುಳಲ್ಲಿ ಛತ್ರಿ.

“ಬಾಯಾರ, ಕಲಿಸೋದೇನ್ ಬ್ಯಾಡ್ರಿ, ನನಗ ವಯಸ್ಸಾಗ್ಯಾದ. ನೀವೇ ಒಂದು ಹೊಡದು ಕೊಟ್ಟುಬಿಡ್ರಿ.”

“ಯಜಮಾನ್ರ, ಇದು ಆಫೀಸಲ್ರಿ. ಇಲ್ಲಿ ಹೂವಿನ ಸಿಕ್ಕಾ ಹೊಡೀತೀವಿ.”

ಅವರು ಹುಡುಗಿಯರ ಕೈಕೆಲಸವನ್ನು ಸ್ವಲ್ಪ ಹೊತ್ತು ನೋಡಿದರು. “ಹಂಗಾರ ಹೂವರ ಹೊಡೀರಿ. ಆರು ಸಲ ಅಡ್ಡಾಡೀನಿ, ಒಬ್ರೂ ಏನೂ ಹೊಡದಿಲ್ಲ. ಬರೇ ಕಾಗದ ಹಿಡಕೊಂಡು ಹೋಗ್ಲಾಕ ನಾಚಿಕಿ ಬರ್ಲಾಕತ್ತದ.”

ಇಲ್ಲ ಎನ್ನಲಾಗಲಿಲ್ಲ. ಅರ್ಜಿಯ ಮೂಲೆಯಲ್ಲಿ ಚಂದಾಗಿ ಒಂದು ಚೆಂಡುಹೂವು ಹೊಡೆದು ಕೊಟ್ಟೆ. ಹದಿನೈದು ದಿನಕ್ಕೆ ಅವರು ಒಂದು ಹೊರೆ ಹಸಿ ಕಡ್ಲಿ ಗಿಡ ಹೊತ್ತು ಬಂದರು. ಕೆಲಸ ಆಗಿತ್ತು.

“ಹೂವ ನೋಡಿ ಸಾಹೇಬ್ರಿಗೆ ಖುಷಿ ಆಯ್ತೇನ್ರಿ?”

“ಖುಷಿಯಲ್ರಿ ಬಾಯಾರ. ‘ಬಾಜೂ ಸೆಕ್ಷನ್‌ದವ್ರು ಆಗ್ಲೇ ಪಾಸ್ ಮಾಡ್ಯಾರ, ನಾ ಯಾಕ ತಡೀಲಿ’ ಅಂತ ಹೂವಿನ ಮ್ಯಾಲೇ ಸಿಕ್ಕಾ ಹೊಡದ್ರು.”

ಸುದ್ದಿ ಓಣಿಗೆ ಹಬ್ಬಿ ಮಂದಿ ನಕ್ಕರು, ಅದು ಕರಾರಿನ ಪ್ರಕಾರ ತಪ್ಪೇ. ಆದರೆ ಅತ್ತೆಗೆ ಹಸಿ ಕಡ್ಲಿ ಎಂದರೆ ಪ್ರಾಣ. ಆ ವಾರ ವಿಚಾರಣೆ ಮುಂದಕ್ಕೆ ಹೋಯಿತು.

೪. ಬಾಳಿಕಂಬ

ಮೊದಲಿನ ಇಬ್ಬರಲ್ಲಿ ಒಬ್ಬಳು ಕಮಲಾಪುರದವಳು. ಕಾಲೇಜಿಗೆಂದು ನಮ್ಮೂರಲ್ಲಿದ್ದಳು. ಅವಳ ಅಪ್ಪನದು ಬಾಳೆ ತೋಟ, ನಮ್ಮ ಕಡೆಯವರು ಹುಡುಕಿಕೊಂಡು ಹೋಗಿ ತರುವ ಕೆಂಪು ಬಾಳೆ. ಓದು ಮುಗಿಸಿ ಊರಿಗೆ ಹೋದವಳು ಬಿಡಲಿಲ್ಲ. “ಅಕ್ಕೋರ, ನಮ್ಮ ಪಡಸಾಲ್ಯಾಗ ಕ್ಲಾಸ್ ಮಾಡ್ರಿ, ಆರು ಮಂದಿ ಹುಡುಗ್ಯಾರನ್ನ ಕೂಡಸ್ತೀನಿ” ಎಂದಳು. ಹಾಗಾಗಿ ಭಾನುವಾರಕ್ಕೊಮ್ಮೆ ಬಸ್ಸು ಹತ್ತತೊಡಗಿದೆ.

ಬಾಳೆಯ ದಿಂಡನ್ನು ಅಡ್ಡ ಕೊಯ್ದು ಒತ್ತಿದರೆ ಜೇನುಗೂಡಿನಂಥ ಚಿತ್ತಾರ ಬರುತ್ತದೆ. ಯಾವ ಚಾಚಾನ ಕೈಯಲ್ಲೂ ಅಷ್ಟು ನಾಜೂಕು ಬರುವುದಿಲ್ಲ. “ಮುಂದಿನ ವಾರ ಬಾಳಿ ಗಿಡ ತಂದಿಡ್ರಿ” ಎಂದು ಹೇಳಿ ಬಂದಿದ್ದೆ.

ಮುಂದಿನ ವಾರ ಹೋಗಿ ನೋಡುತ್ತೇನೆ, ಪಡಸಾಲೆಯ ಎರಡೂ ಕಂಬಕ್ಕೆ ಎಲೆ ಸಮೇತ ಬಾಳೆಗಿಡ ಕಟ್ಟಿದ್ದಾರೆ. ಅಂಗಳದಲ್ಲಿ ರಂಗೋಲಿ. ಓಣಿಯ ಹೆಂಗಸರೆಲ್ಲ ಇಳಕಲ್ ಸೀರೆ ಉಟ್ಟು ಕೂತಿದ್ದಾರೆ. ಹುಡುಗಿಯ ಅವ್ವ ಮುಂದೆ ಬಂದು ಕೇಳಿದರು.

“ಅಕ್ಕೋರ, ಪೂಜಿ ಮಾಡ್ಸೋ ಅಯ್ನೋರು ಎಷ್ಟೊತ್ತಿಗಿ ಬರ್ತಾರ್ರೀ?”

“ಯಾವ ಪೂಜಿರೀ?”

“ಅದನ್ನ ನಾವು ಕೇಳಿಲ್ಲ ನೋಡ್ರಿ. ಅಕ್ಕೋರು ಬಾಳಿಕಂಬ ಹೇಳ್ಯಾರಂದ್ರ ಏನೋ ಒಂದು ಇರ್ತದ ಅಂತ ಕಟ್ಟೀವಿ.”

ಅಷ್ಟು ಜನರ ಮುಂದೆ ಇಲ್ಲ ಎನ್ನುವುದು ಹೇಗೆ? “ಸರಸ್ವತಿ ಪೂಜಿರೀ” ಎಂದೆ. ಪ್ಯಾಡುಗಳಿಗೆ ಕುಂಕುಮ ಏರಿಸಿದರು, ಬಾಲವಿಲ್ಲದ ಗಿಳಿಗೂ ಮಂಗಳಾರತಿ ಆಯಿತು. ಪ್ರಸಾದ ತಿಂದು ಮುಗಿಸಿ ನಾನು ಈಳಿಗೆ ಹಿಡಿದು ಕಂಬದ ಕಡೆ ನಡೆದೆ. ಹುಡುಗಿಯ ಅಜ್ಜಿ ಎದೆಗೆ ಕೈ ಇಟ್ಟುಕೊಂಡರು.

“ಆರತಿ ಮಾಡಿ ಅದನ್ನೇ ಕೊಯ್ಲಾಕ ಹೊಂಟಾರಲ್ಲ! ಇದು ಯಾವ ಮಠದ ಪದ್ಧತಿಯವ್ವಾ!”

೫. ವರ

ಮರುವರ್ಷ ಆ ಹುಡುಗಿಯ ಲಗ್ನ ಗೊತ್ತಾಯಿತು. ಪತ್ರಿಕೆಯನ್ನು ತಾನೇ ಕೈಯಾರೆ ಮಾಡುತ್ತೇನೆ ಎಂದು ಹಟ ಹಿಡಿದಳು. ಅವಳಪ್ಪನಿಗೆ ಮನಸ್ಸಿಲ್ಲ.

“ಮಂದಿ ಪ್ರೆಸ್ಸಿನ್ಯಾಗ ಬಂಗಾರದ ಅಕ್ಷರ ಹೊಡಸ್ತಾರ. ನೀ ಬಾಳಿ ದಿಂಡಲೇ ಹೊಡೀತೀನಂತಿ.”

“ಅಪ್ಪಾ, ನನ್ನ ಲಗ್ನದಾಗ ನಾ ಮಾಡಿದ್ದು ಒಂದರ ಇರ್ಲಿ.”

ಅವರು ನನ್ನ ಕಡೆ ತಿರುಗಿದರು. “ಆಗ್ಲಿ ಅಕ್ಕೋರ. ಆದ್ರ ಮಂದಿ ನಗಬಾರ್ದು. ನಕ್ರ ಪತ್ರಿಕಿನೂ ಪ್ರೆಸ್ಸಿಗೆ, ಈ ಕ್ಲಾಸೂ ಬಂದ್.” ಬ್ರಹ್ಮಪುರದ ಕರಾರು ಬಸ್ಸು ಹತ್ತಿ ಕಮಲಾಪುರಕ್ಕೂ ಬಂದಿತಲ್ಲ ಎನಿಸಿತು.

ಕಾರ್ಡು ಬಾಗಿಲಿನಂತೆ ನಡುವೆ ತೆರೆಯುವಂಥದ್ದು. ಎಡ ಬಾಗಿಲ ಮೇಲೆ ‘ವಧು’, ಕೆಳಗೆ ಅವಳ ಹೆಸರು. ಅದನ್ನು ಅವಳೇ, ಪೆನ್ಸಿಲಿನಲ್ಲಿ ಬರೆದ ಕಾಗದವನ್ನು ರಬ್ಬರಿನ ಮೇಲೆ ಬೋರಲು ಉಜ್ಜಿ, ಕೊರೆದಳು. ಬಲ ಬಾಗಿಲ ಮೇಲೆ ‘ವರ’, ಅದರ ಕೆಳಗೆ ಹುಡುಗನ ಹೆಸರು ‘ನವೀನ’. ವರನ ಕಡೆಯದು ಮರ್ಯಾದೆಯ ವಿಷಯ ಎಂದು ಅದನ್ನು ನಾನು ಕೊರೆದೆ. ಒಂದೊಂದೇ ಅಕ್ಷರ, ಕನ್ನಡಿ ಹಿಡಿದು, ತಿರುವಿ. ಅಕ್ಷರ ತಿರುವಿದೆ, ಸಾಲು ತಿರುವಲಿಲ್ಲ. ಚಾಚಾ ಹೇಳಿದ ಎರಡನೆಯ ಮಾತು ಆ ಗಿಳಿಯ ಬಾಲದ ಜೊತೆಗೇ ಹೋಗಿತ್ತು.

ಪರೀಕ್ಷೆಗೆಂದು ಮೊದಲು ‘ನವೀನ’ ಒತ್ತಿ ನೋಡಿದೆ. ಮುತ್ತಿನಂತೆ ಬಂತು. ನವೀನ ಎಂಬುದನ್ನು ಎಡದಿಂದ ಓದಿದರೂ ನವೀನ, ಬಲದಿಂದ ಓದಿದರೂ ನವೀನ ಎಂದು ಆಗ ಹೊಳೆಯಲಿಲ್ಲ. ಇದು ಸರಿ ಇದ್ದರೆ ಅದೂ ಸರಿ ಎಂದು ಎರಡನ್ನೂ ಹುಡುಗಿಯರ ಕೈಗೆ ಕೊಟ್ಟು ಚಹಾ ಕುಡಿಯಲು ಕೂತೆ. ಅವರು ಮಸಿ ಹರಡದಂತೆ ನೋಡಿದರೇ ಹೊರತು ಓದಲಿಲ್ಲ. ಅಕ್ಕೋರು ಕೊರೆದದ್ದನ್ನು ಓದಿ ನೋಡುವವರು ಯಾರು?

ಕಲಬುರಗಿಯಲ್ಲಿ ಪತ್ರಿಕೆ ಹಂಚಿ ಬರಲು ಅಪ್ಪನಿಗೆ ಬಸ್ಸಿನ ಅವಸರ. ಮೊದಲು ಒಣಗಿದ ಹತ್ತು ಕಾರ್ಡು ಚೀಲಕ್ಕೆ ಹಾಕಿಕೊಂಡು ಹೊರಟುಹೋದರು. ಆಮೇಲೆ ಅವ್ವ ಹನ್ನೊಂದನೆಯದನ್ನು ಎತ್ತಿ ಓದಿದರು.

“ಅಕ್ಕೋರ, ಅಳಿಯಾಗ ರವಾ ಅಂತಾರೇನ್ರಿ ನಿಮ್ಮ ಕಡಿ?”

ನೋಡಿದೆ. ‘ವರ’ ಇದ್ದ ಜಾಗದಲ್ಲಿ ಚಂದಾಗಿ, ದಪ್ಪಗೆ, ‘ರವ’ ಎಂದಿತ್ತು. ಹುಡುಗಿ ಕಾರ್ಡನ್ನು ಬೋರಲು ಹಾಕಿ, ಕಣ್ಣು ತುಂಬಿಕೊಂಡು ಒಳಗೆ ಹೋದಳು. ಬಸ್ ಸ್ಟಾಂಡಿಗೆ ಓಡಿದೆ, ಬಸ್ಸು ಹೋಗಿಯಾಗಿತ್ತು.

ಮರುದಿನ ಬೆಳಗ್ಗೆ ಹೊಸ ಸಿಕ್ಕಾ ಕೊರೆದುಕೊಂಡು ಮತ್ತೆ ಕಮಲಾಪುರಕ್ಕೆ ಹೋದೆ. ಅಪ್ಪ ಪಡಸಾಲೆಯಲ್ಲಿ ಮುಖ ಗಂಟಿಕ್ಕಿ ಕೂತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮನೆಯ ಮುಂದೆ ಒಂದು ಟೆಂಪೋ ಬಂದು ನಿಂತಿತು. ಡ್ರೈವರ್ ಎರಡು ಚೀಲ ಇಳಿಸಿದ.

“ಏನಪಾ ಇದು?”

“ನೆಹರು ಗಂಜಿಂದ್ರೀ. ನಿನ್ನಿ ನೀವು ಅಂಗಡ್ಯಾಗ ಚೀಟಿ ಇಟ್ಟು ಹೋಗಿದ್ರೆಲ್ಲ. ಸಾವ್ಕಾರ್ರು ಊರಾಗಿಲ್ಲ, ಮುನೀಮರು ಕಳಸ್ಯಾರ. ‘ರವ, ನವೀನ’ ಅಂತ ಬರದಿದ್ರಂತಲ್ಲ, ಅದಕ್ಕ ಹಳೀ ಮಾಲು ಮುಟ್ಟಿಲ್ಲ. ಇವತ್ತೇ ಗಿರಣಿಯಿಂದ ಬಂದ ಹೊಸಾ ರವಾ. ಎಷ್ಟು ಅಂತ ಬರದಿಲ್ಲ, ಲಗ್ನದ ಮನಿ ಅಂತ ಎರಡು ಚೀಲ ಹಾಕ್ಯಾರ.”

ಅಂಗಡಿಯ ಲೆಕ್ಕ ಬರೆಯುವ ಮುನೀಮರ ತಪ್ಪೂ ಅಲ್ಲ. ಗಂಜ್ ಬಜಾರಿನಲ್ಲಿ ದಿನಸಿನ ಯಾದಿಯನ್ನು ಜನ ಹಳೆಯ ಲಗ್ನಪತ್ರಿಕೆಯ ಮೇಲೆಯೇ ಬರೆದು ತರುವುದು ರೂಢಿ. ದಪ್ಪ ಕಾಗದ ನೋಡಿದ ಕೂಡಲೇ ಅವರ ಕಣ್ಣು ಮಾಲಿನ ಹೆಸರು ಹುಡುಕುತ್ತದೆ, ವಧು–ವರರನ್ನಲ್ಲ.

ಅಪ್ಪ ಎದ್ದು ಹೋಗಿ ಒಂದು ಚೀಲದ ಮೇಲೆ ಕೂತರು. ನಮ್ಮ ಕಡೆ ಬೆನ್ನು. ಹೆಗಲು ಅಲುಗತೊಡಗಿತು. ಇಲ್ಲಿನ ಕ್ಲಾಸು ಹೋಯಿತು, ಬ್ರಹ್ಮಪುರದ ಖೋಲಿಯೂ ಹೋಯಿತು ಎಂದುಕೊಂಡೆ. ಹುಡುಗಿ ಬಾಗಿಲ ಹಿಂದಿನಿಂದ “ಅಪ್ಪಾ” ಎಂದಳು. ಅವರು ತಿರುಗಿದಾಗ ನೋಡಿದರೆ, ನಕ್ಕು ನಕ್ಕು ಕಣ್ಣಲ್ಲಿ ನೀರು.

“ಅಕ್ಕೋರ, ಬಂಗಾರದ ಅಕ್ಷರದ ಪತ್ರಿಕಿ ನೂರು ಬಂದಾವ ನಮ್ಮ ಮನಿಗೆ. ಒಂದರ ಯಾರರ ಇಷ್ಟು ಲಕ್ಷ್ಯ ಕೊಟ್ಟು ಓದ್ಯಾರೇನ್ರಿ? ಉಳಿದಿದ್ದೂ ನೀವೇ ಹೊಡೀರಿ. ಬೀಗರ ಮನೀದು ಮಾತ್ರ ಓದಿ ಕಳಸ್ರಿ.”

ಲಗ್ನಕ್ಕೆ ಅತ್ತೆಯನ್ನೂ ಕರೆದುಕೊಂಡು ಹೋಗಿದ್ದೆ. ಮುಂಜಾನೆ ಉಪ್ಪಿಟ್ಟು, ಮಧ್ಯಾಹ್ನ ಶಿರಾ, ಹೊರಡುವಾಗ ಕೈಗೆ ರವೆಉಂಡಿ. ಪಂಕ್ತಿಯಲ್ಲಿ ಕೂತವರೆಲ್ಲ ಮದುಮಗನ ಕಡೆ ನೋಡಿ ನಗುವವರೇ, ನನ್ನನ್ನು ಬೆರಳು ಮಾಡಿ ತೋರಿಸುವವರೇ. ಅತ್ತೆ ತಲೆ ತಗ್ಗಿಸಿ ಎರಡನೆಯ ಸಲ ಶಿರಾ ಹಾಕಿಸಿಕೊಂಡರು. ಹುಡುಗಿಯ ಅವ್ವ ನನಗೆಂದು ಐದು ಕಿಲೋ ರವಾ ಕಟ್ಟಿ ಕೊಟ್ಟರು.

ಮನೆಗೆ ಬಂದು ನಾನೇ ಮಾತು ತೆಗೆದೆ. “ಅತ್ತಿ, ಮಂದಿ ನಕ್ಕಾರ. ಖೋಲಿ ಖಾಲಿ ಮಾಡ್ಲೇನ್ರಿ?”

“ನಕ್ಕಾರ ಖರೆ. ಆದ್ರ ಉಂಡು ನಕ್ಕಾರ. ಅದು ಕರಾರಿನ್ಯಾಗ ಇದ್ದಿಲ್ಲ.” ಅತ್ತೆ ಆ ರವೆಯನ್ನೆಲ್ಲ ಒಂದು ದೊಡ್ಡ ಡಬ್ಬಿಗೆ ಸುರಿದು ಮುಚ್ಚಳ ಹಾಕಿದರು. “ಈಗ ಇದಕ್ಕ ಹೆಸರು ಹಚ್ಚಲಾಕ ಒಂದು ಸಿಕ್ಕಾ ಕೊರದು ಕೊಡು.”

ನಾನು ರಬ್ಬರು, ಬ್ಲೇಡು, ಕನ್ನಡಿ ಹಿಡಿದು ಕೂತೆ. “ರವಾ ಅಂತ ಕೊರೀಲೇನ್ರಿ?”

“ಬ್ಯಾಡ ಬ್ಯಾಡ” ಎಂದರು ಅತ್ತೆ. “ನೀ ವರ ಅಂತ ಕೊರಿ. ನಿನ್ನ ಕೈಯಾಗ ಅದು ತಾನೇ ರವಾ ಆಗ್ತದ.”