ಗಾಳಿ ಹಾಕುವ ಮಾವನ ಪೇಟಿ ಖರೀದಿ

ಜಮಖಂಡಿಯಿಂದ ಲೋಕಾಪುರದವರೆಗೆ ಯಾರನ್ನು ಬೇಕಾದರೂ ಕೇಳಿರಿ, ನಮ್ಮ ದೊಡ್ಡಮಾವನಂಥ ಹಾರ್ಮೋನಿಯಂ ಮನುಷ್ಯ ಇನ್ನೊಬ್ಬನಿಲ್ಲ ಎನ್ನುತ್ತಾರೆ. ನಾನೂ ಎನ್ನುತ್ತೇನೆ. ಆದರೆ ಆ ಪುಣ್ಯಾತ್ಮ ಹುಟ್ಟಿದಾಗಿನಿಂದ ಅದರ ಒಂದೇ ಒಂದು ಪಟ್ಟಿಯನ್ನೂ ಬೆರಳಿಂದ ಮುಟ್ಟಿದವನಲ್ಲ!

ಹಾಗಾದರೆ ಮಾಡುತ್ತಿದ್ದುದೇನು? ಗಾಳಿ ಹಾಕುತ್ತಿದ್ದ. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅನ್ನುತ್ತೇವೆ. ಆ ಪೇಟಿಯ ಹಿಂದೆ ಕುಳಿತು ತಿದಿ ಒತ್ತುವುದು ದೊಡ್ಡಮಾವ, ಮುಂದೆ ಕುಳಿತು ಪಟ್ಟಿ ಒತ್ತುವುದು ಅವನ ತಮ್ಮ, ಅಂದರೆ ನಮ್ಮ ಸಣ್ಣಮಾವ. ಲೋಕದ ಜನ ಒಬ್ಬೊಬ್ಬರೇ ಮಾಡುವ ಕೆಲಸಕ್ಕೆ ನಮ್ಮಲ್ಲಿ ಇಬ್ಬರು! ಸಣ್ಣವರಿದ್ದಾಗ ಒಂದೇ ಪೇಟಿಗೆ ಕಿತ್ತಾಡಿದರೆಂದು ಅಜ್ಜ ಹೀಗೆ ಹಂಚಿಕೊಟ್ಟಿದ್ದನಂತೆ. ಅಜ್ಜ ಹೋದ, ಹಂಚಿಕೆ ಉಳಿಯಿತು. ಸೋಮವಾರದ ಭಜನೆ ಮುಗಿದ ಮೇಲೆ ಯಾರಾದರೂ, "ನಿನ್ನ ತಮ್ಮ ಭಾಳ ಛಲೋ ಬಾರಿಸಿದ್ನಪಾ," ಅಂದರೆ ಸಾಕು, ದೊಡ್ಡಮಾವ ಕೆಮ್ಮಿ ಕೇಳುತ್ತಿದ್ದ: "ಗಾಳಿ ಯಾರದು?"

ಇಂಥವರು ಬೇರೆಯಾದರು! ಜಮಖಂಡಿ, ಮುಧೋಳದಂಥ ಸಂಸ್ಥಾನಗಳೇ ಮುಂಬೈ ಸರಕಾರದೊಳಗೆ ಕೂಡಿಕೊಂಡಿದ್ದ ಕಾಲ ಅದು; ನಮ್ಮ ಮಾವಂದಿರು ಹೊಲದ ಬದುವಿನ ಮಾತಿಗೆ ಮನೆ ಒಡೆದರು. ಎತ್ತು, ಚಕ್ಕಡಿ, ಹಂಡೆ, ಕೊಡ ಎಲ್ಲ ಹಂಚಿ ಮುಗಿಯಿತು. ಕೊನೆಗೆ ಉಳಿದದ್ದು ಪೇಟಿ.

"ಗಾಳಿ ನಂದು," ಎಂದ ದೊಡ್ಡಮಾವ.

"ದನಿ ನಂದು," ಎಂದ ಸಣ್ಣಮಾವ.

ಮುಂಜಾನೆಯಿಂದ ಕುಳಿತು ಬೇಸತ್ತಿದ್ದ ಹಿರಿಯರೊಬ್ಬರು, "ಹಂಗಾರ ಅದನ್ನೂ ಕೊಯ್ದ ಹಂಚ್ಕೊಳ್ರ್ಯಪಾ!" ಎಂದು ನಗೆಯಾಡಿದರು. ಅವರು ನಗೆಯಾಡಿದ್ದೇ ತಪ್ಪಾಯಿತು. ಇವರಿಬ್ಬರೂ ಬಡಿಗನನ್ನು ಕರೆಸಿ ಗರಗಸ ಹಚ್ಚಿಸಿಯೇ ಬಿಟ್ಟರು! ತಿದಿ ಅಣ್ಣನಿಗೆ, ಪಟ್ಟಿ ತಮ್ಮನಿಗೆ. ನಾನು ಅಲ್ಲೇ ನಿಂತಿದ್ದೆ. ಮೂರನೇ ಇಯತ್ತೆಗೆ ಸಾಲಿ ಬಿಟ್ಟು ರಬಕವಿಯಲ್ಲಿ ಮಗ್ಗ ಹತ್ತಿದವನು ನಾನು. ಒಂದು ಎಳೆ ಹರಿದರೂ ಗಂಟು ಹಾಕದೆ ಮುಂದೆ ಹೋದವನಲ್ಲ. ಕಣ್ಣೆದುರೇ ಪೇಟಿ ಎರಡು ಹೋಳಾದಾಗ ತೆರೆದ ನನ್ನ ಬಾಯಿ ಮನೆ ಮುಟ್ಟುವವರೆಗೂ ಮುಚ್ಚಲಿಲ್ಲ.

ಭಜನೆ ನಿಂತಿತು. ಅಣ್ಣತಮ್ಮಂದಿರ ಮಾತೂ ನಿಂತಿತು. ಅವರ ಅಕ್ಕ, ಅಂದರೆ ನನ್ನ ಅವ್ವ, ಸುದ್ದಿ ಕೇಳಿ ಎರಡು ಹೊತ್ತು ರೊಟ್ಟಿ ಮುರಿಯಲಿಲ್ಲ. "ಲೇ, ದೊಡ್ಡಮಾವನ್ನ ಕರ್ಕೊಂಡು ಹೋಗಿ ಒಂದ ಹೊಸಾ ಪೇಟಿ ಕೊಡಿಸು," ಎಂದಳು. "ಪೇಟಿ ಇದ್ರ ಕೂಡಿ ಕುಂದರ್ತಾರ. ಇಲ್ಲಂದ್ರ ಇನ್ನೆಲ್ಲೂ ಕುಂದ್ರೂದಿಲ್ಲ."

ಮೊದಲು ಮುಧೋಳ. ಮಾವ ಅಂಗಡಿ ಹೊಕ್ಕವನೇ ಪೇಟಿಯ ಹಿಂದೆ ಹೋಗಿ ಕುಳಿತ. ತಿದಿ ಎಳೆದ, ಬಿಟ್ಟ, ಸಂದಿಗೆ ಕೆನ್ನೆ ಹಚ್ಚಿ ಕಣ್ಣು ಮುಚ್ಚಿದ. ಎತ್ತಿನ ಸುಳಿ ನೋಡುವವರನ್ನು ಕಂಡಿದ್ದೆ. ಪೇಟಿಯ ಉಸಿರು ನೋಡುವವನನ್ನು ಅಂದೇ ಕಂಡೆ!

"ಇದಕ್ಕ ದಮ್ಮಿನ ಬ್ಯಾನಿ ಐತಿ," ಎಂದ.

ಅಂಗಡಿಯವನು ಹೌಹಾರಿದ. "ಪಟ್ಟಿ ಒತ್ತಿ ನೋಡ್ರಿ ಯಜಮಾನ್ರ, ದನಿ ಬಂಗಾರದಂಥಾದ್ದು!"

"ಅದು ನನ್ನ ಕೆಲಸ ಅಲ್ರಿ."

"ಮತ್ತ ಯಾರ ಕೆಲಸರೀ?"

ಮಾವ ಚಪ್ಪಲಿ ಮೆಟ್ಟಿ ಹೊರಗೆ ನಡೆದ.

ಲೋಕಾಪುರದಲ್ಲಿ ನಾಟಕದ ಕಂಪನಿಯೊಂದು ಕಾಲಪೇಟಿ ಮಾರಲಿಕ್ಕಿಟ್ಟಿತ್ತು. ಬಾರಿಸುವವನು ಎರಡೂ ಕೈ ಪಟ್ಟಿಯ ಮೇಲಿಟ್ಟು ಗಾಳಿಯನ್ನು ಕಾಲಿಂದ ತುಳಿಯುತ್ತಿದ್ದ. ಮಾವ ಹಾವು ಕಂಡವನಂತೆ ಹಿಂದೆ ಸರಿದ. "ಗಾಳೀನ ಕಾಲಾಗ ತುಳೀತಾರ? ಮಾನ ಮರ್ಯಾದಿ ಏನರ ಐತಿಲ್ಲೋ?"

ಬೀಳಗಿಯಲ್ಲಿ ಒಬ್ಬ ಹೊಸ ಆಂಪ್ಲಿಫಾಯರ್ ತಂದಿದ್ದ. ಪೇಟಿ ಯಾಕೆ, ಇದನ್ನೇ ಒಯ್ಯಿರಿ, ಭಜನೆ ಹೊಳೆಯ ಆಚೆ ದಂಡೆಗೂ ಕೇಳುತ್ತದೆ ಎಂದ. ಮಾವ ಆ ಕಬ್ಬಿಣದ ಡಬ್ಬಿಯನ್ನು ಸುತ್ತು ಹಾಕಿ ನೋಡಿದ, ಬಗ್ಗಿ ನೋಡಿದ.

"ಇದಕ್ಕ ಗಾಳಿ ಎಲ್ಲಿ ಹಾಕೂದು?"

"ಗಾಳಿ ಬೇಕಾಗಿಲ್ರಿ. ಬ್ಯಾಟರಿ ಮ್ಯಾಲೆ ನಡೀತೈತಿ."

"ಹಂಗಾರ ನಾ ಎಲ್ಲಿ ಕುಂದರ್ಲಿ?" ಎಂದ ಮಾವ.

ಮೋಟಾರು ಸ್ಟ್ಯಾಂಡಿನಲ್ಲಿ ನನ್ನ ತಾಳ್ಮೆ ಹರಿಯಿತು. "ಮಾವಾ, ನಿನ್ನ ಜೋಡಿ ತಿರಗೂದ್ರಾಗ ನನ್ನ ಮಗ್ಗಕ್ಕ ಜ್ಯಾಡ ಬಲಿ ಕಟ್ಟೇತಿ! ಖರೇ ಹೇಳು, ನಿನಗ ಪೇಟಿ ಬೇಕೋ ಬ್ಯಾಡೋ?"

"ಬೇಕಲೇ. ಆದ್ರ ಪಟ್ಟಿ ಹೆಂಗ ಅದಾವು ನನಗೇನ ತಿಳೀತೈತಿ? ಬರೇ ಅರ್ಧಾ ನೋಡಿ ಹೆಂಗ ತಗೊಳ್ಲಿ?"

"ಸಣ್ಣಮಾವನ್ನ ಕೇಳು."

"ನಾ ಯಾಕ ಕೇಳ್ಲಿ? ದೊಡ್ಡಾಂವ ನಾನು!"

ಉಳಿದದ್ದು ಜಮಖಂಡಿ. ಅಲ್ಲಿಯೂ ಮಾವ ಪೇಟಿಯ ಹಿಂದೆ ಕುಳಿತು ತಿದಿ ಎಳೆದ, ಕೆನ್ನೆ ಹಚ್ಚಿದ. ಅಂಗಡಿಯವನು ನೋಡಿದ್ದೇ ತಡ, ತಲೆಯ ಮೇಲೆ ಕೈಹೊತ್ತು ಎದ್ದು ನಿಂತ.

"ಎಂಥಾ ಮಂದೀರಿ ನೀವು! ಮೊನ್ನೆ ಒಬ್ಬಾಂವ ಬಂದು ಬರೇ ಪಟ್ಟಿ ಒತ್ತಿದ. ಗಾಳಿ ಹಾಕ್ರೀ ಅಂದ್ರ, ಅದು ನನ್ನ ಕೆಲಸ ಅಲ್ಲ ಅಂದ. ಇವತ್ತ ನೀವು ಬಂದು ಬರೇ ಗಾಳಿ ಹಾಕಾಕತ್ತೀರಿ!"

ಮಾವನ ಕೈ ತಿದಿಯ ಮೇಲೆಯೇ ನಿಂತಿತು.

"ಅಂವಗ ಯಾವುದು ಪಸಂದ ಬಂತು?" ಎಂದು ಮೆಲ್ಲಗೆ ಕೇಳಿದ.

"ಆ ಮೂಲ್ಯಾಗಿಂದು. ಭಾಳ ಹೊತ್ತು ಅದರ ಮ್ಯಾಲೆ ಕೈ ಇಟ್ಕೊಂಡು ಕುಂತಿದ್ದ. ತಗೋರಿ ಅಂದೆ. ‘ಗಾಳಿ ನೋಡಾಂವ ಜೋಡಿ ಬಂದಿಲ್ರಿ’ ಅಂದು ಎದ್ದು ಹೋದ."

ಮಾವ ಆ ಪೇಟಿಯ ಹತ್ತಿರಕ್ಕೂ ಹೋಗಲಿಲ್ಲ. "ಅದನ್ನ ಕಟ್ರಿ," ಎಂದ.

ನಾನು ದಂಗಾದೆ. "ಮಾವಾ, ಗಾಳೀನ ನೋಡ್ಲಿಲ್ಲಲ್ಲ?"

"ಸುಮ್ನ ಹೊರಲೇ."

ಊರಿಗೆ ಬಂದವನು ಅದನ್ನು ತನ್ನ ಮನೆಗೆ ಒಯ್ಯಲಿಲ್ಲ. ತಮ್ಮನ ಮನೆಯ ಕಟ್ಟೆಯ ಮೇಲೆ ಇಳಿಸಲು ಹೇಳಿದ. ಪಟ್ಟಿಯ ಮಗ್ಗುಲನ್ನು ಬಾಗಿಲಿಗೆ ತಿರುಗಿಸಿ, ತಾನು ಹಿಂದೆ ಕುಳಿತು, ಯಾರನ್ನೂ ಕರೆಯದೆ ತಿದಿ ಒತ್ತತೊಡಗಿದ. ದನಿಯಿಲ್ಲ, ಬರೀ ಬುಸ್ ಬುಸ್. ಸ್ವಲ್ಪ ಹೊತ್ತಿಗೆ ಸಣ್ಣಮಾವ ಹೊರಗೆ ಬಂದ. ಅಣ್ಣನ ಮಾರಿ ನೋಡದೆಯೇ ಎದುರು ಕುಳಿತ. ಪಟ್ಟಿಯ ಮೇಲೆ ಬೆರಳಿಟ್ಟ. ದನಿ ಎದ್ದಿತು, ನಡುಗಿತು, ಇಳಿಯಿತು.

"ಗಾಳಿ ಸೋರತೈತೋ ಅಣ್ಣಾ," ಎಂದ.

"ಸೋರ್ಲಿ ಬಿಡು," ಎಂದ ದೊಡ್ಡಮಾವ. "ನೀ ಬಾರಿಸು. ನಾ ಜೋರ ಹಾಕ್ತೀನಿ."