ತೂತು ಸಾಕ್ಸು, ಪೂರ್ವದ ಕಿಟಕಿ

ನಗಬಾರದ ಜಾಗದಲ್ಲೇ ನನಗೆ ನಗುವ ಪ್ರಸಂಗಗಳು ಗಂಟುಬೀಳುತ್ತವೆ. ಟೊರಾಂಟೊದಲ್ಲಿ ಮೂವತ್ತು ವರ್ಷ ಆರ್ಕಿಟೆಕ್ಟ್ ಆಗಿ ಕೆಲಸ ಮಾಡಿದ್ದೇನೆ. ಬ್ಯಾಂಕು, ಮಾಲು ಕಟ್ಟಿಸುವಾಗ ಯಾರೂ ನಗಿಸಲಿಲ್ಲ. ನಗಿಸಿದ್ದು ಊರಿನ ಉತ್ತರಕ್ಕಿರುವ ಯಹೂದಿಗಳ ಪ್ರಾರ್ಥನಾ ಮಂದಿರ, ಸಿನಗಾಗು. ಅಲ್ಲಿ ಪಟ್ಟಷ್ಟು ಸಂಕಟವನ್ನೂ ಬೇರೆಲ್ಲೂ ಪಟ್ಟಿಲ್ಲ.

ಶೂ

ಅವರ ಜನ ಹೆಚ್ಚಾಗಿ ಹಳೆಯ ಜಾಗ ಸಾಲದಾಗಿತ್ತು. ಅದು ಬೇಸ್‌ಮೆಂಟು, ಕಿಟಕಿಯೇ ಇಲ್ಲ. ಮೊದಲ ದಿನ ನೋಡಲು ಹೋದವನು ಅಭ್ಯಾಸಬಲದಿಂದ ಬಾಗಿಲಲ್ಲೇ ಶೂ ಬಿಚ್ಚಿ ಒಳಗೆ ಹೋದೆ. ಬಲಗಾಲಿನ ಸಾಕ್ಸಿನಿಂದ ಹೆಬ್ಬೆರಳು ಇಣುಕುತ್ತಿತ್ತು. ಕಟ್ಟಡ ಸಮಿತಿಯ ಅಧ್ಯಕ್ಷರು ಎಂಬತ್ತು ದಾಟಿದ ನಿವೃತ್ತ ದಂತವೈದ್ಯರು. ನನ್ನ ಕಾಲು ನೋಡಿದವರೇ ಹತ್ತಿರ ಬಂದು ಎರಡೂ ಕೈ ಹಿಡಿದುಕೊಂಡು, "ಯಾರು ತೀರಿಕೊಂಡರು?" ಎಂದರು.

ಅವರಲ್ಲಿ ಸಾವಾದ ಮನೆಯವರು ಚರ್ಮದ ಶೂ ಹಾಕುವುದಿಲ್ಲವಂತೆ, ತೊಟ್ಟ ಬಟ್ಟೆಯನ್ನೂ ಹರಿದುಕೊಳ್ಳುತ್ತಾರಂತೆ. ಎಲ್ಲರೂ ಚೆನ್ನಾಗಿದ್ದಾರೆ, ದೇವರ ಮುಂದೆ ನಾವು ಹೋಗುವುದೇ ಹೀಗೆ ಎಂದೆ.

"ಶೂ ಇಲ್ಲದ್ದು ನೋಡಿ ತೀರಿಕೊಂಡವರು ದೂರದ ನೆಂಟರಿರಬೇಕು ಅಂದುಕೊಂಡೆ," ಎಂದರು ಡಾಕ್ಟರು. "ತೂತು ನೋಡಿದ ಮೇಲೆ ತಂದೆಯೇ ಇರಬೇಕು ಅನ್ನಿಸಿತು."

ಪಾರ್ಕಿಂಗು

ನಗರಸಭೆಯ ಅಧಿಕಾರಿ ನಕ್ಷೆ ಹರಡಿಕೊಂಡು ಕೇಳಿದರು: "ಅತಿ ಹೆಚ್ಚು ಜನ ಸೇರುವುದು ಯಾವತ್ತು?"

"ಶನಿವಾರ."

"ಅವತ್ತು ಎಷ್ಟು ಕಾರು ಬರುತ್ತವೆ?"

"ಒಂದೂ ಇಲ್ಲ. ಶನಿವಾರ ಕಾರು ಓಡಿಸುವುದು ಇವರಿಗೆ ನಿಷಿದ್ಧ. ನಡೆದೇ ಬರುತ್ತಾರೆ."

"ಜನವರಿಯಲ್ಲೂ?"

"ಜನವರಿಯಲ್ಲೂ."

ಅವರು ಬಹಳ ಹೊತ್ತು ಏನೋ ಬರೆದು, ಸೀಟಿನ ಲೆಕ್ಕದ ಪ್ರಕಾರ ಪಾರ್ಕಿಂಗು ಬೇಕೇ ಬೇಕು ಎಂದರು. ನಾನು ಸಿಡಿಮಿಡಿಗೊಂಡೆ. ಡಾಕ್ಟರು ಮಾತ್ರ, "ಇರಲಿ ಬಿಡಿ. ಈ ಊರಲ್ಲಿ ಪಾರ್ಕಿಂಗು ಖಾಲಿ ಇರುವುದನ್ನು ಸಾಯುವುದರೊಳಗೆ ಒಮ್ಮೆ ನೋಡಬೇಕಿತ್ತು," ಎಂದರು.

ಹೂಕುಂಡ

ಡಾಕ್ಟರಿಗಿದ್ದ ಆಸೆ ಒಂದೇ. ಇಪ್ಪತ್ತು ವರ್ಷ ಟ್ಯೂಬ್‌ಲೈಟಿನ ಕೆಳಗೆ ಪ್ರಾರ್ಥಿಸಿದ್ದರು. ಒಂದು ಬೆಳಿಗ್ಗೆಯಾದರೂ ಬಿಸಿಲಲ್ಲಿ ಪ್ರಾರ್ಥಿಸಬೇಕು. ಹೃದಯ ಆಗಲೇ ಕೈಕೊಡುತ್ತಿತ್ತು. ಪೂರ್ವದ ಗೋಡೆಗೆ ದೊಡ್ಡ ಕಿಟಕಿ ಬರೆದೆ. ಮೂರನೇ ಸಾಲಿನ ಕೊನೆಯ ಅವರ ಸೀಟಿಗೆ ಒಂಬತ್ತು ಗಂಟೆಗೆ ಬಿಸಿಲು ಬೀಳುವ ಹಾಗೆ.

ಆದರೆ ಆ ವರ್ಷ ಹಳೆಯ ಜಾಗದ ಬಾಗಿಲಿಗೆ ಎರಡು ಸಲ ಕಲ್ಲು ಬಿದ್ದಿತ್ತು. ಭದ್ರತೆಯ ಸಲಹೆಗಾರರು ಬಂದು ನಕ್ಷೆಯ ತುಂಬ ಕೆಂಪು ಗೆರೆ ಎಳೆದರು. ಕಿಟಕಿ ಎತ್ತರಕ್ಕೆ ಹೋಗಬೇಕು, ಗಾಜು ಒಡೆಯಬಾರದು, ಹೊರಗಿನ ಹೂಕುಂಡಗಳು ಲಾರಿ ನುಗ್ಗಿದರೂ ತಡೆಯಬೇಕು.

"ಈ ಕಟ್ಟಡದಲ್ಲಿ ಎಲ್ಲಕ್ಕಿಂತ ಕ್ಷೇಮವಾದ ಜಾಗ ಯಾವುದು?" ಎಂದು ಡಾಕ್ಟರು ಕೇಳಿದರು. ಸಲಹೆಗಾರರು ಉಗ್ರಾಣ ತೋರಿಸಿದರು. ಅದಕ್ಕೆ ಕಿಟಕಿಯಿರಲಿಲ್ಲ.

"ಬೇಸ್‌ಮೆಂಟಿನಿಂದ ಉಗ್ರಾಣಕ್ಕೆ ಬಡ್ತಿ," ಎಂದರು ಡಾಕ್ಟರು. "ಪಾಪ, ಆ ಕುಂಡಗಳಿಗೆ ಬರಲಿರುವ ನನ್ನ ಹೆಂಡತಿಯ ಜೆರೇನಿಯಂ ಹೂಗಿಡಗಳಿಗೆ ಇಷ್ಟು ಜವಾಬ್ದಾರಿ ಯಾವತ್ತೂ ಇರಲಿಲ್ಲ."

ಗಾಜು

ಹಟ ಮಾಡಿ ಕಿಟಕಿ ಉಳಿಸಿಕೊಂಡೆ. ಮೊದಲ ಗಾಜು ಪರೀಕ್ಷೆಯಲ್ಲಿ ಬಿರುಕು ಬಿಟ್ಟಿತು. ಎರಡನೆಯದು ಬರುವ ತನಕ ಪ್ಲೈವುಡ್ ಹೊಡೆದಿಟ್ಟೆವು. ಡಾಕ್ಟರು ವಾರಕ್ಕೊಮ್ಮೆ ಹೆಲ್ಮೆಟ್ ಹಾಕಿಕೊಂಡು ಬಂದು, ತಮ್ಮ ಸೀಟಿನ ಜಾಗದಲ್ಲಿ ಕುರ್ಚಿ ಹಾಕಿಸಿ ಪ್ಲೈವುಡ್ ನೋಡುತ್ತಿದ್ದರು.

"ಬಿಸಿಲು ಬಂದಿಲ್ಲ. ಅಂದರೆ ನಾನಿನ್ನೂ ಹೋಗುವ ಹಾಗಿಲ್ಲ," ಎನ್ನುತ್ತಿದ್ದರು.

ಅವರು ಸೋಮವಾರ ತೀರಿಕೊಂಡರು. ಗಾಜು ಗುರುವಾರ ಬಂತು. ಅದನ್ನು ಕೂರಿಸುವಾಗ ನನಗೆ ಕೈಗೆ ಸಿಕ್ಕವರನ್ನೆಲ್ಲ ಬೈಯುವಷ್ಟು ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು.

ಸಂಜೆ ಅವರ ಮನೆಗೆ ಹೊರಟಾಗ ನನ್ನ ಹೆಂಡತಿ ಅಡ್ಡ ನಿಂತಳು. "ಕಂಡೋಲೆನ್ಸಿಗೆ ಹೋಗ್ತಿರೋದು. ಇವತ್ತಾದ್ರೂ ತೂತಿಲ್ದಿರೋ ಪೇರ್ ಹಾಕ್ಕೊಂಡ್ ಹೋಗ್ರೀ." ಹಾಕಿಕೊಂಡೆ.

ಆ ಮನೆಯಲ್ಲಿ ಬಂದವರೆಲ್ಲ ಶೂ ಹಾಕಿಕೊಂಡೇ ಇದ್ದರು. ಶೂ ಇಲ್ಲದೆ, ಹರಿದ ಬಟ್ಟೆಯಲ್ಲಿ ತಗ್ಗು ಸ್ಟೂಲುಗಳ ಮೇಲೆ ಕೂತಿದ್ದವರು ಡಾಕ್ಟರ ಹೆಂಡತಿ, ಇಬ್ಬರು ಮಕ್ಕಳು. ಮತ್ತೆ ಅಭ್ಯಾಸಬಲದಿಂದ ಬಾಗಿಲಲ್ಲೇ ಶೂ ಬಿಟ್ಟು, ಪಕ್ಕದಲ್ಲಿ ನಿಂತಿದ್ದ ನಾನು. ಅಪರಿಚಿತರೊಬ್ಬರು ಮಕ್ಕಳ ಕೈ ಹಿಡಿದ ಮೇಲೆ ನನ್ನ ಕೈಯನ್ನೂ ಹಿಡಿದು, "ನಿಮ್ಮ ತಂದೆ ದೊಡ್ಡ ಮನುಷ್ಯರು," ಎಂದರು.

ಡಾಕ್ಟರ ಹೆಂಡತಿ ನನ್ನ ಕಾಲು ನೋಡಿದರು. ಅಷ್ಟು ಹೊತ್ತೂ ಅಳುತ್ತಿದ್ದವರು ನಕ್ಕುಬಿಟ್ಟರು.

"ನನ್ನ ಸಾವಿಗೆ ಈಗಲೇ ಶೂ ಬಿಚ್ಚಿಕೊಂಡು ಬಂದ ಅಂತ ಅವರು ನಿಮ್ಮನ್ನು ಆಡಿಕೊಳ್ಳುತ್ತಿದ್ದರು," ಎಂದರು. "ಸಾವಿಗೆ ಮೂರು ವರ್ಷ ಮೊದಲೇ ಬಂದಿರಿ. ಕಿಟಕಿಗೆ ಮಾತ್ರ ಮೂರು ದಿನ ತಡ ಮಾಡಿಬಿಟ್ಟಿರಲ್ಲ."